ಗೇ ಸಂಸದ ಯಾರ ಪ್ರತಿನಿಧಿ?

ಪ್ರಶ್ನೆ: ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡವರು ಸಲಿಂಗ ಮದುವೆಯನ್ನು ವಿರೋಧಿಸುವ ಪಕ್ಷದಲ್ಲಿ ಹೇಗಿರುತ್ತಾರೆ? ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂದ ಹಾಗಾಯ್ತು ಅಲ್ವಾ? ಇಂಥವರನ್ನು ಸಮುದಾಯದ ಪ್ರತಿನಿಧಿ ಅನ್ನಬಹುದಾ?

ಉತ್ತರ: ಮಹಿಳೆಯೊಬ್ಬರ ಜೊತೆ ಬಾಳುವ, ಜರ್ಮನಿಯ ಬಲಪಂಥೀಯ ಪಕ್ಷದ ನಾಯಕಿ ಆಲಿಸ್ ವೈಡೆಲ್ ಸುದ್ದಿಯಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಗೇ ಆದ ಸ್ಕಾಟ್ ಬೆಸೆಂಟ್ ಟ್ರಂಪ್ ಸರ್ಕಾರದಲ್ಲಿ ಖಜಾನೆ ಕಾರ್ಯದರ್ಶಿ, ಅಂದರೆ ಹಣಕಾಸು ಮಂತ್ರಿ, ಆದಾಗಲೂ ಬಂತು. ಅದೇ ಉತ್ತರವನ್ನು ತುಂಡು ತುಂಡಾಗಿ ಬರೆದು ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ತೋರಿಸಿ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಗೇ ಆದವರೂ ತೆರಿಗೆ ಕಟ್ಟುತ್ತಾರೆ, ವ್ಯಾಪಾರ ಮಾಡುತ್ತಾರೆ, ದೇವರಿಗೆ ಕೈಮುಗಿಯುತ್ತಾರೆ, ವಲಸಿಗರ ಬಗ್ಗೆ ಜಗಳ ಆಡುತ್ತಾರೆ. ಇವುಗಳಲ್ಲಿ ಯಾವುದು ದೊಡ್ಡದು ಅನ್ನಿಸುತ್ತದೋ ಅದನ್ನು ನೋಡಿ ಪಕ್ಷ ಸೇರುತ್ತಾರೆ. ನೀವು ಓಟು ಹಾಕುವ ಪಕ್ಷದ ಎಲ್ಲ ಮಾತನ್ನೂ ನೀವು ಒಪ್ಪುತ್ತೀರಾ? ಇಲ್ಲ ತಾನೆ.

ಕಷ್ಟ ಇರುವುದು ಇನ್ನೊಂದು ನಂಬಿಕೆಯಲ್ಲಿ. ಎಷ್ಟು ಸಲ ಹೇಳಿದರೂ ಅದು ಹೋಗುವುದಿಲ್ಲ. 'ಗೇ ಆದವನು ಗೇಗಳ ಪರವೇ ಇರುತ್ತಾನೆ. ಬಲಪಂಥೀಯ ಪಕ್ಷದಲ್ಲಿದ್ದರೆ ಮಾತ್ರ ದ್ರೋಹಿ.' ನಮಗೆ ಇದು ಹೊಸದೇನಲ್ಲ. ನಮ್ಮ ಜಾತಿಯವರು ಮಂತ್ರಿಯಾದರು ಎಂದು ಪಟಾಕಿ ಹೊಡೆದವರೇ ಎರಡು ವರ್ಷ ಬಿಟ್ಟು ಅದೇ ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸುತ್ತಾ ಬೈಯುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ವಿಷಯ ಗೇಗಳದ್ದಾದ ಕೂಡಲೇ ಆ ಅನುಭವ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಒಂದು ದಿನದ ಕಥೆ ಹೇಳುತ್ತೇನೆ. 1996ರ ಜುಲೈ 12. ಅಮೆರಿಕದ ಕೆಳಮನೆಯ ಮುಂದೆ 'ಡೋಮಾ' ಎಂಬ ಮಸೂದೆ. ಗಂಡು ಹೆಣ್ಣಿನ ಮದುವೆಯನ್ನು ಮಾತ್ರ ಕೇಂದ್ರ ಸರ್ಕಾರ ಮದುವೆ ಎನ್ನುತ್ತದೆ, ಒಂದು ರಾಜ್ಯದಲ್ಲಿ ಆದ ಸಲಿಂಗ ಮದುವೆಯನ್ನು ಇನ್ನೊಂದು ರಾಜ್ಯ ಒಪ್ಪಬೇಕಾಗಿಲ್ಲ, ಇಷ್ಟೇ ಅದರ ತಿರುಳು. ಆಗಿನ್ನೂ ಅಲ್ಲಿನ ಯಾವ ರಾಜ್ಯದಲ್ಲೂ ಸಲಿಂಗ ಮದುವೆ ಇರಲಿಲ್ಲ. ಹವಾಯಿ ರಾಜ್ಯದ ಕೋರ್ಟಲ್ಲಿ ಸಲಿಂಗ ಮದುವೆಯ ಹಕ್ಕು ಕೇಳಿ ಒಂದು ಕೇಸು ನಡೆಯುತ್ತಿತ್ತು. ಅಲ್ಲಿ ಗೆದ್ದುಬಿಟ್ಟರೆ ಎಂಬ ಭಯಕ್ಕೇ ಇಷ್ಟೆಲ್ಲ. ಮಸೂದೆ 342-67ರಲ್ಲಿ ಪಾಸಾಯಿತು.

ಆ 67ರಲ್ಲಿ ಬಲಪಂಥೀಯ ರಿಪಬ್ಲಿಕನ್ ಪಕ್ಷದ ಓಟು ಎಷ್ಟು ಗೊತ್ತಾ? ಒಂದು. ವಿಸ್ಕಾನ್ಸಿನ್‌ನ ಸ್ಟೀವ್ ಗಂಡರ್ಸನ್. ಹಾಲು ಉತ್ಪಾದಕರೇ ಜಾಸ್ತಿ ಇರುವ ಕ್ಷೇತ್ರದವರು, ಸದನದಲ್ಲಿ ಹಾಲಿನ ದರದ ಬಗ್ಗೆ ಹೋರಾಡಿದವರು. ಅವರು ಗೇ ಎಂಬುದನ್ನು 1994ರಲ್ಲಿ ತಮ್ಮದೇ ಪಕ್ಷದ ಬಾಬ್ ಡಾರ್ನನ್ ಸದನದಲ್ಲೇ ಚುಚ್ಚಿ ಬಯಲು ಮಾಡಿದ್ದರು. ಅದೇ ವರ್ಷದ ಚುನಾವಣೆಯಲ್ಲಿ ಕ್ಷೇತ್ರದ ಜನ ಅವರನ್ನು ಮತ್ತೆ ಗೆಲ್ಲಿಸಿದರು.

ಅದೇ ದಿನ, ಅದೇ ಪಕ್ಷದ ಇನ್ನೊಬ್ಬ ಗೇ ಸದಸ್ಯ, ಅರಿಝೋನಾದ ಜಿಮ್ ಕೋಲ್ಬಿ, ಮಸೂದೆಯ ಪರ ಓಟು ಹಾಕಿದರು. ಅವರ ವಿಷಯ ಆಗ ಹೊರಗೆ ಗೊತ್ತಿರಲಿಲ್ಲ. ಈ ಓಟಿನಿಂದ ಸಿಟ್ಟಾದವರ ಮಾತು ಒಂದು ಗೇ ಪತ್ರಿಕೆಯ ತನಕ ಹೋಯಿತು. ಪತ್ರಿಕೆ ಬರೆಯುವ ಮೊದಲೇ ತಾನು ಗೇ ಎಂದು ಅವರೇ ಹೇಳಿಕೊಂಡರು. ಮದುವೆಯ ವಿಷಯವನ್ನು ಆಯಾ ರಾಜ್ಯಗಳೇ ನೋಡಿಕೊಳ್ಳಲಿ ಎಂಬುದು ತನ್ನ ಓಟಿಗೆ ಅವರು ಕೊಟ್ಟ ಕಾರಣ. ನೆಪ ಅನ್ನಬಹುದು. ಆದರೆ ಸಲಿಂಗ ಮದುವೆ ನಿಷೇಧಿಸಲು ಸಂವಿಧಾನಕ್ಕೇ ತಿದ್ದುಪಡಿ ತರುವ ಪ್ರಸ್ತಾಪ 2004ರಲ್ಲಿ ಬಂದಾಗ ಅವರು ಪಕ್ಷದ ಮಾತು ಮೀರಿ ವಿರುದ್ಧ ಓಟು ಹಾಕಿದರು ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಒಂದೇ ಪಕ್ಷ, ಒಂದೇ ಮಸೂದೆ, ಇಬ್ಬರೂ ಗೇ. ಓಟು ಮಾತ್ರ ಉತ್ತರ ದಕ್ಷಿಣ.

ಇನ್ನು 'ಬಲಪಂಥೀಯ ಪಕ್ಷದಲ್ಲಿದ್ದರೆ ಮಾತ್ರ' ಎಂಬ ಭಾಗ. ಆ 342ರಲ್ಲಿ 118 ಓಟು ಎದುರಾಳಿ ಡೆಮಾಕ್ರಟಿಕ್ ಪಕ್ಷದ್ದು. ಸಹಿ ಹಾಕಿದವರು ಅದೇ ಪಕ್ಷದ ಅಧ್ಯಕ್ಷ ಬಿಲ್ ಕ್ಲಿಂಟನ್. ಬಾರ್ನಿ ಫ್ರಾಂಕ್ ಅವರಂಥ ಗೇ ಡೆಮಾಕ್ರಟರು ವಿರುದ್ಧ ನಿಂತರು ನಿಜ. ಅವರ ಪಕ್ಷದ ಹೆಚ್ಚಿನವರು ಜೊತೆಗೆ ನಿಲ್ಲಲಿಲ್ಲ.

ಕೋಲ್ಬಿ ಕಥೆ ಅಲ್ಲಿಗೆ ಮುಗಿಯಲಿಲ್ಲ. 2000ದಲ್ಲಿ ಫಿಲಡೆಲ್ಫಿಯಾದ ಪಕ್ಷದ ಸಮಾವೇಶದಲ್ಲಿ ಅವರು ಭಾಷಣಕ್ಕೆ ನಿಂತರು. ವಿಷಯ ವಿದೇಶಿ ವ್ಯಾಪಾರ, ಅವರಿಗೆ ಇಷ್ಟದ್ದು. ಗೇ ಹಕ್ಕಿನ ಬಗ್ಗೆ ಒಂದಕ್ಷರ ಇಲ್ಲ. ಆದರೂ ಟೆಕ್ಸಸ್‌ನ ಕೆಲವು ಪ್ರತಿನಿಧಿಗಳು ಕೌಬಾಯ್ ಹ್ಯಾಟ್ ತೆಗೆದು, ತಲೆ ತಗ್ಗಿಸಿ ಪ್ರಾರ್ಥನೆ ಮಾಡುತ್ತಾ ಕುಳಿತರು. ಕೋಲ್ಬಿ ವ್ಯಾಪಾರದ ಬಗ್ಗೆ ಮಾತಾಡಿದರೂ ಆ ಪ್ರತಿನಿಧಿಗಳ ಕಣ್ಣಿಗೆ ಕಂಡದ್ದು ಅವರು ಗೇ ಎಂಬುದೊಂದೇ. ಆಮೇಲೆ ಕೋಲ್ಬಿಯ ಪನಾಮಾ ದೇಶದ ಸಂಗಾತಿಯ ವೀಸಾಕ್ಕೆ ಅಡ್ಡ ಬಂದದ್ದೂ ಡೋಮಾನೇ. ಸಂಗಾತಿ ಅಮೆರಿಕ ಬಿಟ್ಟು ಒಂದು ವರ್ಷ ಪನಾಮಾದಲ್ಲಿ ಇರಬೇಕಾಯಿತು. 2013ರಲ್ಲಿ ಕೋಲ್ಬಿ ಸೆನೆಟ್ ಸಮಿತಿಯ ಮುಂದೆ ಕುಳಿತು ಇದನ್ನೆಲ್ಲ ಹೇಳಿದರು. ಅದೇ ವರ್ಷ ಮದುವೆಯಾದರು. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಡೋಮಾದ ಮುಖ್ಯ ಭಾಗವನ್ನೇ ಹೊಡೆದುಹಾಕಿತು.

ಈಗ ವೈಡೆಲ್. ಅವರ ಸಂಗಾತಿ ಶ್ರೀಲಂಕಾದಲ್ಲಿ ಹುಟ್ಟಿದ ಮಹಿಳೆ, ಇಬ್ಬರು ಮಕ್ಕಳಿದ್ದಾರೆ. ಅವರ ಎಎಫ್‌ಡಿ ಪಕ್ಷದ ಪ್ರಕಾರ ಕುಟುಂಬ ಎಂದರೆ ತಂದೆ, ತಾಯಿ, ಮಕ್ಕಳು. ಇಷ್ಟಾಗಿ ತಾನು ಕ್ವಿಯರ್ (ಗೇ, ಲೆಸ್ಬಿಯನ್, ಟ್ರಾನ್ಸ್ ಎಲ್ಲರಿಗೂ ಸೇರಿ ಬಳಸುವ ಪದ) ಅಲ್ಲ ಎಂದು ಅವರೇ ಟಿವಿಯಲ್ಲಿ ಹೇಳಿದ್ದಾರೆ. ಸಮುದಾಯದ ಪ್ರತಿನಿಧಿ ಪಟ್ಟವನ್ನು ಅವರು ಕೇಳಲೇ ಇಲ್ಲ. ಕೇಳದ ಪಟ್ಟ ನಾವೇ ಕಟ್ಟಿ, ಆಮೇಲೆ ನಾವೇ ಮೋಸ ಹೋದೆವು ಎಂದು ಕೂಗುವುದು ಯಾಕೆ? ಅವರಿಂದ ಪಕ್ಷಕ್ಕೆ ಲಾಭ ಇದೆ. ನಾವು ಗೇ ವಿರೋಧಿಗಳಲ್ಲ, ನಮ್ಮ ನಾಯಕಿಯನ್ನೇ ನೋಡಿ ಎಂದು ತೋರಿಸಬಹುದು. ಅದನ್ನು ಟೀಕಿಸಬೇಕೆಂದರೆ ಪಕ್ಷದ ಕಾರ್ಯಕ್ರಮವನ್ನು ಕೈಗೆ ತಗೊಂಡು ಟೀಕಿಸಿ. ಆಕೆಯ ಮನೆಯನ್ನಲ್ಲ.

ಹಾಗಾದರೆ ಸಮುದಾಯಕ್ಕೆ ನಿಜವಾದ ಪ್ರತಿನಿಧಿ ಸಿಗುವುದು ಹೇಗೆ? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕ್ಷೇತ್ರದ ಗಡಿ ನೋಡಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗೇ ನಾಯಕ ಹಾರ್ವೆ ಮಿಲ್ಕ್ 1973 ಮತ್ತು 1975ರಲ್ಲಿ ನಗರಸಭೆಗೆ ನಿಂತು ಸೋತರು. ಆಗ ಇಡೀ ಊರು ಎಲ್ಲ ಸದಸ್ಯರನ್ನೂ ಆರಿಸುತ್ತಿತ್ತು. 1977ರಲ್ಲಿ ವಾರ್ಡುವಾರು ಚುನಾವಣೆ ಬಂತು. ಗೇಗಳು ಹೆಚ್ಚಾಗಿದ್ದ ಕ್ಯಾಸ್ಟ್ರೋ ಬಡಾವಣೆಯ ಓಟಿನಿಂದ ಗೆದ್ದರು. ಆದರೆ ಕ್ಯಾಸ್ಟ್ರೋ ಎಲ್ಲ ಕಡೆ ಇರುವುದಿಲ್ಲ. ಗೇಗಳು ಪ್ರತಿ ಊರಲ್ಲೂ ಅಲ್ಲೊಬ್ಬ ಇಲ್ಲೊಬ್ಬ ಇರುತ್ತಾರೆ.

ಹಾಗೆ ಚದುರಿದವರಿಗೆ ನಮ್ಮಲ್ಲಿ ನಾಮನಿರ್ದೇಶನದ ದಾರಿ ಇತ್ತು. ವಿಧಾನಸಭೆಯ 224 ಕ್ಷೇತ್ರಗಳ ಮೇಲೆ 225ನೆಯವರಾಗಿ ಒಬ್ಬ ಆಂಗ್ಲೋ ಇಂಡಿಯನ್ ಸದಸ್ಯರು ಇರುತ್ತಿದ್ದರಲ್ಲ, ಅದು. 2020ರಲ್ಲಿ 104ನೇ ತಿದ್ದುಪಡಿ ಬಂದು ಆ ದಾರಿ ಮುಚ್ಚಿತು. ಇನ್ನೊಂದು ದಾರಿ ಮೀಸಲು ಕ್ಷೇತ್ರ. 36 ಎಸ್‌ಸಿ, 15 ಎಸ್‌ಟಿ ಮೀಸಲು ಕ್ಷೇತ್ರಗಳಲ್ಲಿ ಅಭ್ಯರ್ಥಿ ಮಾತ್ರ ಆ ಸಮುದಾಯದವರು, ಓಟು ಹಾಕುವವರು ಎಲ್ಲರೂ. ಗೆದ್ದವರು ಯಾರ ಮಾತು ಕೇಳಬೇಕು ಎಂಬ ಜಗಳ, 1932ರಲ್ಲಿ ಮೀಸಲು ಕ್ಷೇತ್ರಗಳ ಬಗ್ಗೆ ಗಾಂಧಿ ಅಂಬೇಡ್ಕರ್ ನಡುವೆ ಆದ ಪೂನಾ ಒಪ್ಪಂದದಷ್ಟೇ ಹಳೆಯದು.

ಗೇಗಳಿಗೂ ಹೀಗೆ ಮೀಸಲು ಕೊಡಿ ಅಂದರೆ ಮೊದಲ ತಕರಾರು ಕಾಗದದ್ದೇ. ಟ್ರಾನ್ಸ್‌ಜೆಂಡರ್ ಆದವರಿಗೆ 2019ರ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯುವ ದಾರಿ ಮಾಡಿದರು. 2021ರಲ್ಲಿ ಕರ್ನಾಟಕ ಸರ್ಕಾರಿ ಕೆಲಸದಲ್ಲಿ ಅವರಿಗೆ 1% ಮೀಸಲಾತಿ ಕೊಟ್ಟಿತು. ಗೇ ಎನ್ನುವುದಕ್ಕೆ ಯಾವ ನಾಡಕಚೇರಿಯೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡಿ ಎಂದು ಕೇಳುವ ಗೇಗಳನ್ನೂ ನಾನು ಕಂಡಿಲ್ಲ.