28 ಎಂಎಂ ನಿಕ್ಕೋರ್: ‘ಎಸ್’ ಅಕ್ಷರಕ್ಕೆ ಹೆಚ್ಚು ದುಡ್ಡು ಕೊಡಬೇಕೇ?

ಪ್ರಶ್ನೆ: ಅಪ್ಪನ ಕಾಲದ ನಿಕಾನ್ ಎಫ್‌ಎಂ2 ಫಿಲಂ ಕ್ಯಾಮೆರಾ ಇದೆ. ಅದಕ್ಕೊಂದು ವೈಡ್ ಆ್ಯಂಗಲ್ ಲೆನ್ಸ್ ಹುಡುಕುತ್ತಿದ್ದೇನೆ. ನಿಕಾನ್‌ನದೇ ನಿಕ್ಕೋರ್ 28 ಎಂಎಂ ಎಫ್/2.8 ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಬಗೆಯದು ಸಿಗುತ್ತಿದೆ: ಎಐ ಮತ್ತು ಎಐ-ಎಸ್. ಎರಡನೆಯದರ ಬೆಲೆ ಜಾಸ್ತಿ. ಅಷ್ಟು ಕೊಟ್ಟು ತಗೊಳ್ಳಬೇಕೇ?

ಉತ್ತರ: ನಿಮ್ಮ ಕ್ಯಾಮೆರಾಕ್ಕೆ ಆ ‘ಎಸ್’ನಿಂದ ಮೂರು ಕಾಸಿನ ಉಪಯೋಗವಿಲ್ಲ. ಆದರೂ ಈ ಒಂದು ಲೆನ್ಸ್‌ನ ಮಟ್ಟಿಗೆ ಹೆಚ್ಚಿನ ಬೆಲೆಗೆ ಕಾರಣವಿದೆ. ಅದು ನಿಮಗೆ ಬೇಕೋ ಬೇಡವೋ ಅನ್ನುವುದು, ಫೋಟೊ ತೆಗೆಯುವಾಗ ನೀವು ಎಷ್ಟು ಹತ್ತಿರ ಹೋಗುತ್ತೀರಿ ಅನ್ನುವುದರ ಮೇಲಿದೆ.

ಮೊದಲು ಅಕ್ಷರದ ಲೆಕ್ಕ ಮುಗಿಸೋಣ. 1977ಕ್ಕೆ ಮುಂಚೆ ಹಲವು ನಿಕಾನ್ ಬಾಡಿಗಳಿಗೆ ಲೆನ್ಸ್ ಹಾಕಿದ ಮೇಲೆ ಅಪರ್ಚರ್ (ಬೆಳಕು ಬಿಡುವ ಕಿಂಡಿ) ರಿಂಗನ್ನು ಒಮ್ಮೆ ಆ ತುದಿಗೆ, ಒಮ್ಮೆ ಈ ತುದಿಗೆ ತಿರುಗಿಸಬೇಕಿತ್ತು. ಲೆನ್ಸ್‌ನ ಅತಿ ದೊಡ್ಡ ಅಪರ್ಚರ್ ಎಷ್ಟು ಎಂದು ಬೆಳಕು ಅಳೆಯುವ ಮೀಟರಿಗೆ ತಿಳಿಯುತ್ತಿದ್ದುದೇ ಹಾಗೆ. ಆ ವರ್ಷ ಬಂದ ಎಐ ಲೆನ್ಸ್‌ಗಳಲ್ಲಿ ರಿಂಗಿನ ಹಿಂಭಾಗದಲ್ಲೊಂದು ಏಣು ಬಿಟ್ಟು ಈ ಕಸರತ್ತನ್ನು ತಪ್ಪಿಸಿದರು. 1980ರ ದಶಕದ ಆರಂಭದ ಎಐ-ಎಸ್‌ನಲ್ಲಿ ಅಪರ್ಚರ್ ಮುಚ್ಚುವ ಪುಟ್ಟ ಲಿವರ್‌ನ ಚಲನೆಯನ್ನು ಇನ್ನಷ್ಟು ಕರಾರುವಾಕ್ಕಾಗಿಸಿದರು. ಕ್ಯಾಮೆರಾವೇ ಅಪರ್ಚರ್ ನಿರ್ಧರಿಸುವ ಪ್ರೋಗ್ರಾಂ ಮೋಡ್‌ಗೆ, 1983ರ ಎಫ್‌ಎ ಥರದ ಬಾಡಿಗಳಿಗೆ, ಅದು ಬೇಕಿತ್ತು. ಎಫ್‌ಎಂ2ನಲ್ಲಿ ಅಪರ್ಚರೂ ಶಟರೂ ನಿಮ್ಮ ಕೈಯಲ್ಲೇ ಇರುವುದರಿಂದ ಎರಡು ಲೆನ್ಸೂ ಒಂದೇ ರೀತಿ ಕೆಲಸ ಮಾಡುತ್ತವೆ. ನೀವು ಕೇಳಿದ್ದು 50 ಎಂಎಂ ಎಫ್/1.4 ಆಗಿದ್ದರೆ, ಅಗ್ಗದ್ದನ್ನೇ ತಗೊಳ್ಳಿ ಎಂದು ಇಲ್ಲಿಗೇ ಮುಗಿಸುತ್ತಿದ್ದೆ. ಅದರ ಎರಡೂ ಆವೃತ್ತಿಗಳ ಒಳಗಿನ ಗಾಜಿನ ವಿನ್ಯಾಸ ಒಂದೇ.

28ರ ಕಥೆ ಬೇರೆ. ಎಐಯಲ್ಲಿ ಏಳು ಗಾಜುಗಳಿವೆ. ಎಐ-ಎಸ್ ಮಾಡುವಾಗ ನಿಕಾನ್‌ನವರು ವಿನ್ಯಾಸವನ್ನೇ ಬದಲಿಸಿ ಎಂಟು ಗಾಜು ಹಾಕಿದರು. ಹೊರಗಿನಿಂದ ಅಣ್ಣತಮ್ಮಂದಿರಂತೆ ಕಂಡರೂ ಒಳಗೆ ಇವು ಬೇರೆ ಬೇರೆ ಲೆನ್ಸ್‌ಗಳು.

ಏಕೆ ಬದಲಿಸಿದರು ಅನ್ನುವುದಕ್ಕೆ ಎಸ್‌ಎಲ್‌ಆರ್ ಕ್ಯಾಮೆರಾದ, ಅಂದರೆ ನಿಮ್ಮದರಂತೆ ಲೆನ್ಸ್ ಮೂಲಕವೇ ನೋಡುವ ಕ್ಯಾಮೆರಾದ, ಕನ್ನಡಿಯತ್ತ ನೋಡಬೇಕು. ನಿಕಾನ್ ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲಂಗೆ 46.5 ಮಿ.ಮೀ. ದೂರ. ಆ ನಡುವೆ ಕನ್ನಡಿ ಮೇಲೆದ್ದು ಇಳಿಯಬೇಕು. ಆದರೆ 28 ಎಂಎಂ ಲೆನ್ಸನ್ನು ಸಾದಾ ಕ್ರಮದಲ್ಲಿ ಕಟ್ಟಿದರೆ ಅದರ ಹಿಂಭಾಗ ಫಿಲಂಗೆ ತೀರಾ ಹತ್ತಿರ ಬಂದು ಕನ್ನಡಿಗೆ ಅಡ್ಡವಾಗುತ್ತದೆ. ನಿಕಾನ್ ಎಫ್‌ನ ಆರಂಭದ ವರ್ಷಗಳ 21 ಎಂಎಂ ಎಫ್/4 ಲೆನ್ಸ್ ಹೀಗೇ ಇತ್ತು: ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿ, ಆಮೇಲೆ ಲೆನ್ಸ್ ಹಾಕಿ, ನೋಡಲು ಕ್ಯಾಮೆರಾದ ಮೇಲೆ ಬೇರೊಂದು ವ್ಯೂಫೈಂಡರ್ ಸಿಕ್ಕಿಸಬೇಕು. ಅಷ್ಟು ಮಾಡುವುದಾದರೆ ಎಸ್‌ಎಲ್‌ಆರ್ ಯಾಕೆ ಬೇಕಿತ್ತೋ!

ಇದಕ್ಕೆ ಪರಿಹಾರವಾಗಿ ಬಂದದ್ದು ರೆಟ್ರೊಫೋಕಸ್ ಕ್ರಮ. ಫ್ರಾನ್ಸಿನ ಆಂಜೆನಿಯೊ ಕಂಪನಿ 1950ರಲ್ಲಿ 35 ಎಂಎಂ ಲೆನ್ಸೊಂದನ್ನು ಆ ಹೆಸರಿನಲ್ಲೇ ಮಾರುಕಟ್ಟೆಗೆ ತಂದಿತು. ಜಪಾನಿನ ಕಂಪನಿಗಳೂ ಅದೇ ದಾರಿ ಹಿಡಿದವು. ಮುಂದುಗಡೆ ಬೆಳಕನ್ನು ಚದುರಿಸುವ ಗಾಜುಗಳು, ಹಿಂದುಗಡೆ ಒಟ್ಟುಗೂಡಿಸುವ ಗಾಜುಗಳು. ಆಗ ಲೆನ್ಸ್ ಫಿಲಂನಿಂದ ದೂರ ನಿಂತೂ ಅಗಲವಾಗಿ ನೋಡಬಲ್ಲದು. ಆದರೆ ಹಿಂದು ಮುಂದು ಹೀಗೆ ಅಸಮವಾದ ಲೆನ್ಸನ್ನು ದೂರದ ದೃಶ್ಯಕ್ಕೆಂದು ಸರಿಪಡಿಸಿದರೆ, ಹತ್ತಿರಕ್ಕೆ ಫೋಕಸ್ ಮಾಡಿದಂತೆ ಆ ಹೊಂದಾಣಿಕೆ ತಪ್ಪುತ್ತದೆ. ಚಿತ್ರದ ನಡುಭಾಗ ಚೂಪಾಗಿರುತ್ತದೆ, ಮೂಲೆಗಳು ಮೆತ್ತಗಾಗುತ್ತವೆ.

ನಿಕಾನ್ ಇದಕ್ಕೆ ಕಂಡುಕೊಂಡ ಉಪಾಯದ ಹೆಸರು ಸಿಆರ್‌ಸಿ (ಕ್ಲೋಸ್ ರೇಂಜ್ ಕರೆಕ್ಷನ್). 1967ರ 24 ಎಂಎಂ ಎಫ್/2.8ರಲ್ಲಿ ಮೊದಲು ಬಂತು. ಸಾಮಾನ್ಯ ಲೆನ್ಸ್‌ನಲ್ಲಿ ಫೋಕಸ್ ರಿಂಗ್ ತಿರುಗಿಸಿದರೆ ಎಲ್ಲ ಗಾಜುಗಳೂ ಒಟ್ಟಿಗೆ ಮುಂದೆ ಹೋಗುತ್ತವೆ. ಸಿಆರ್‌ಸಿಯಲ್ಲಿ ಗಾಜುಗಳ ಒಂದು ಗುಂಪು ಉಳಿದದ್ದಕ್ಕಿಂತ ಬೇರೆ ವೇಗದಲ್ಲಿ ಚಲಿಸಿ, ನಡುವಿನ ಅಂತರವನ್ನು ಬದಲಿಸಿ, ತಪ್ಪಿದ ಹೊಂದಾಣಿಕೆಯನ್ನು ಮತ್ತೆ ಕೂಡಿಸುತ್ತದೆ. 28 ಎಂಎಂ ಎಫ್/2.8ರಲ್ಲಿ ಎಐ-ಎಸ್‌ಗೆ ಈ ವ್ಯವಸ್ಥೆಯಿದೆ, ಎಐಗಿಲ್ಲ. ಹತ್ತಿರಕ್ಕೆ ಫೋಕಸ್ ಮಾಡುವಾಗ ಎಐ 30 ಸೆಂ.ಮೀ.ಗೆ ನಿಂತರೆ ಎಐ-ಎಸ್ 20 ಸೆಂ.ಮೀ. ತನಕ ಹೋಗುತ್ತದೆ.

ಹತ್ತು ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು. ಈ ದೂರವನ್ನು ಅಳೆಯುವುದು ಫಿಲಂನಿಂದ. ಕ್ಯಾಮೆರಾ ಮತ್ತು ಲೆನ್ಸ್‌ನ ಉದ್ದ ಕಳೆದರೆ ಎಐ-ಎಸ್‌ನ ಮುಂಗಾಜಿನಿಂದ ವಸ್ತುವಿಗೆ ಉಳಿಯುವುದು ಅರ್ಧ ಗೇಣು. ಆಗ ಒಂದು ಪೋಸ್ಟ್ ಕಾರ್ಡ್ ಹೆಚ್ಚುಕಡಿಮೆ ಇಡೀ ಫ್ರೇಮನ್ನು ತುಂಬುತ್ತದೆ. ಎಐಯಲ್ಲಿ ಫ್ರೇಮ್ ತುಂಬಲು ಎ4 ಹಾಳೆಗೆ ಹತ್ತಿರದ ಗಾತ್ರ ಬೇಕು. ಮ್ಯಾಕ್ರೋ ಲೆನ್ಸೂ ಪೋಸ್ಟ್ ಕಾರ್ಡ್ ತೆಗೆಯುತ್ತದಲ್ಲ ಎಂದರೆ, ಹೌದು. ಆದರೆ ಅದರಲ್ಲಿ ಹಿನ್ನೆಲೆ ಕರಗಿಹೋಗುತ್ತದೆ. ವೈಡ್ ಲೆನ್ಸ್‌ನಲ್ಲಿ ನೂಲು ಹಿಡಿದ ನೇಕಾರರ ಬೆರಳುಗಳನ್ನು ದೊಡ್ಡದಾಗಿ ತೆಗೆದರೂ ಹಿಂದಿನ ಮಗ್ಗ, ಕಿಟಕಿ, ಕೋಣೆ ಎಲ್ಲ ಚಿತ್ರದಲ್ಲೇ ಉಳಿಯುತ್ತವೆ. ಇಂಥ ಚಿತ್ರಗಳ ಆಸೆಯಿದ್ದವರಿಗೆ ಎಐ-ಎಸ್‌ಗೆ ಕೊಟ್ಟ ದುಡ್ಡು ದಂಡವಲ್ಲ.

ಬೀದಿ, ಬೆಟ್ಟ, ದೇವಸ್ಥಾನದ ಪ್ರಾಂಗಣ, ಮದುವೆ ಮನೆ ನಿಮ್ಮ ವಿಷಯವೋ? ಹಾಗಾದರೆ ಎಐ ಧಾರಾಳ ಸಾಕು. ಎಫ್/8ಕ್ಕಿಟ್ಟು ಮೂರೂಕಾಲು ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.7 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಚೂಪು. 400 ವೇಗದ ಫಿಲಂನ ಕಾಳುಗಳ ನಡುವೆ ಇದು ಏಳು ಗಾಜಿನದೋ ಎಂಟರದೋ ಎಂದು ಪ್ರಿಂಟ್ ನೋಡಿ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಗುರುತಿಸುವಾಗ ಒಂದು ಎಚ್ಚರ. ಎಐ-ಎಸ್‌ನಲ್ಲಿ ಕೊನೆಯ ಅಪರ್ಚರ್ ಸಂಖ್ಯೆ 22 ಕಿತ್ತಳೆ ಬಣ್ಣದಲ್ಲಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅದೊಂದೇ ಸಾಲದು. ನಿಕಾನ್ ‘ಸೀರೀಸ್ ಇ’ ಎಂಬ ಅಗ್ಗದ 28 ಎಂಎಂ ಎಫ್/2.8 ಕೂಡ ಮಾಡಿತ್ತು. ಅದರಲ್ಲೂ 22 ಕಿತ್ತಳೆಯೇ, ಒಳಗಿರುವುದು ಮಾತ್ರ ಐದೇ ಗಾಜು. ಅದರ ಮೇಲೆ ‘ನಿಕ್ಕೋರ್’ ಎಂದಿರುವುದಿಲ್ಲ. ಆದ್ದರಿಂದ ಫೋಟೊ ನೋಡಿ ಕೊಳ್ಳುವುದಾದರೆ ಹೆಸರು ಓದಿ, ದೂರದ ಸ್ಕೇಲಿನಲ್ಲಿ 0.2 ಇದೆಯೇ ನೋಡಿ. ಎಐಗೂ ಮುಂಚಿನ, ಮಾರ್ಪಾಡಾಗದ ಲೆನ್ಸನ್ನು ಎಫ್‌ಎಂ2ಗೆ ಹಾಕಲೇಬೇಡಿ. ಹಿಂದಿನ ಮಾದರಿಯಾದ ಎಫ್‌ಎಂನಲ್ಲಿ, ರಿಂಗಿನ ಏಣಿಗೆ ತಾಗುವ ಕೊಂಡಿಯನ್ನು ಮಡಚಬಹುದಿತ್ತು; ಇದರಲ್ಲಿ ಅದು ಮಡಚುವುದಿಲ್ಲ, ಮುರಿದೀತು.

ಇಷ್ಟಾದ ಮೇಲೂ ಲೆನ್ಸ್‌ನ ಸ್ಥಿತಿಯೇ ಮುಖ್ಯ. ಕರಾವಳಿ, ಮಲೆನಾಡುಗಳ ಮಳೆಗಾಲ ಕಂಡ ಲೆನ್ಸ್‌ಗಳಲ್ಲಿ ಫಂಗಸ್ ಸಾಮಾನ್ಯ, ಅದರಲ್ಲೂ ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಕೂತಿದ್ದರೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಆಮೇಲೆ ರಿಂಗ್ ತಿರುಗಿಸಿ ಅಪರ್ಚರ್ ಕಿರಿದಾಗಿಸಿ, ಹಿಂಬದಿಯ ಲಿವರ್ ಒತ್ತಿಬಿಟ್ಟಾಗ ಬ್ಲೇಡುಗಳು ಟಪ್ಪನೆ ಚಲಿಸಬೇಕು, ನಿಧಾನವಾದರೆ ಎಣ್ಣೆ ಹರಿದಿದೆ ಎಂದರ್ಥ. ಎಐ-ಎಸ್ ಆದರೆ ಯಾರಾದರೂ ಬಿಚ್ಚಿ ಜೋಡಿಸಿದ್ದಾರೆಯೇ ಎಂದು ಕೇಳಿ. ಗಾಜಿನ ಗುಂಪುಗಳು ಬೇರೆ ಬೇರೆ ಚಲಿಸುವುದರಿಂದ ತಪ್ಪಾಗಿ ಕೂಡಿಸಿದರೆ ಸಿಆರ್‌ಸಿಯ ಲಾಭವೇ ಹೋಗುತ್ತದೆ.

ಎರಡೂ ಒಂದೇ ಸ್ಥಿತಿಯಲ್ಲಿದ್ದು, ಬೆಲೆಯ ಅಂತರ ನಾಲ್ಕೈದು ರೋಲ್ ಫಿಲಂನ ಒಳಗಿದ್ದರೆ ನಾನಾದರೆ ಎಐ-ಎಸ್ ತಗೊಳ್ಳುತ್ತೇನೆ. ಅದನ್ನು ಮೀರಿದರೆ ಎಐ, ಉಳಿದ ದುಡ್ಡಿಗೆ ಫಿಲಂ.