ಕಣ್ಣೆದುರೇ ಕರೆದ ಹಾಲು: ಕಾಯಿಸದೆ ಕುಡಿಯಬಹುದೇ?

ಪ್ರಶ್ನೆ: ಮನೆ ಹತ್ತಿರದ ಕೊಟ್ಟಿಗೆಯಿಂದ ದಿನಾ ಬೆಳಿಗ್ಗೆ ಹಸುವಿನ ಹಾಲು ತರುತ್ತೇವೆ. ನಮ್ಮ ಕಣ್ಣೆದುರೇ ಕರೆಯುತ್ತಾರೆ, ಹಸುಗಳೂ ಮೈತುಂಬಿಕೊಂಡು ಆರೋಗ್ಯವಾಗಿವೆ. ಕಾಯಿಸಿದರೆ ಸತ್ವ ಹೋಗುತ್ತದೆ, ಮಕ್ಕಳಿಗೆ ನೊರೆಹಾಲನ್ನೇ ಕೊಡಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ಹಾಗೆಯೇ ಕೊಡಬಹುದೇ? ಪ್ಯಾಕೆಟ್ ಹಾಲಿಗಿಂತ ಇದು ಒಳ್ಳೆಯದಲ್ಲವೇ?

ಉತ್ತರ: ಕಾಯಿಸಲೇಬೇಕು. ಕೊಟ್ಟಿಗೆಯ ಹಾಲು ತರುವುದನ್ನು ನಿಲ್ಲಿಸಬೇಕಿಲ್ಲ. ಅದನ್ನು ಒಲೆಗಿಡದೆ ಕುಡಿಯುವುದನ್ನು, ಅದರಲ್ಲೂ ಮಕ್ಕಳಿಗೆ ಕುಡಿಸುವುದನ್ನು ಇವತ್ತೇ ನಿಲ್ಲಿಸಿ. ಕಣ್ಣೆದುರು ಕರೆದರೆ ನೀರು ಬೆರೆಸಿಲ್ಲ ಎಂಬುದಷ್ಟೇ ಖಾತ್ರಿಯಾಗುತ್ತದೆ. ಹಾಲಿನಲ್ಲಿ ರೋಗಾಣು ಇದೆಯೋ ಇಲ್ಲವೋ ಎಂಬುದು ನೋಟಕ್ಕೆ, ವಾಸನೆಗೆ, ರುಚಿಗೆ ಸಿಗುವ ಸಂಗತಿಯಲ್ಲ.

ಹಾಲಿಗೆ ರೋಗಾಣು ಬರುವುದು ಎರಡು ದಾರಿಯಲ್ಲಿ. ಒಂದು ಹೊರಗಿನಿಂದ: ಸಗಣಿ ಮೆತ್ತಿದ ಕೆಚ್ಚಲು, ಬೀಸುವ ಬಾಲ, ಕರೆಯುವವರ ಕೈ, ಪಾತ್ರೆ ತೊಳೆದ ನೀರು, ಕ್ಯಾನಿನ ಮುಚ್ಚಳದ ಸಂದಿಯಲ್ಲಿ ಉಳಿದ ನಿನ್ನೆಯ ಹಾಲು. ಇ.ಕೋಲಿ, ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಸೇರಿಕೊಳ್ಳುವುದು ಹೀಗೆ. ಚೊಕ್ಕಟವಾಗಿ ಕರೆದರೆ ಇವು ಕಡಿಮೆಯಾಗುತ್ತವೆ, ಪೂರ್ತಿ ಇಲ್ಲವಾಗುವುದಿಲ್ಲ. ಇ.ಕೋಲಿಯ ಒಂದು ಕೆಟ್ಟ ತಳಿ ಚಿಕ್ಕ ಮಕ್ಕಳಲ್ಲಿ ರಕ್ತಭೇದಿಯಿಂದ ಶುರುವಾಗಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು.

ಎರಡನೆಯ ದಾರಿ ಹಸುವಿನ ಒಳಗಿನದು, ಇದಕ್ಕೆ ಚೊಕ್ಕಟತನದ ಮದ್ದಿಲ್ಲ. ಕ್ಷಯ ತಗುಲಿದ ಹಸುವಿನ ಹಾಲಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಇರಬಹುದು. ನಮ್ಮ ಕಡೆ ಇನ್ನೂ ಹೆಚ್ಚು ಗಮನ ಕೊಡಬೇಕಾದದ್ದು ಬ್ರುಸೆಲ್ಲೋಸಿಸ್, ರೈತರ ಮಾತಿನಲ್ಲಿ ಕಂದು ಹಾಕುವ ರೋಗ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಮುಂದಿನ ಸಲ ಅದೇ ಹಸು ಸರಿಯಾಗಿ ಕರು ಹಾಕಬಹುದು, ಚೆನ್ನಾಗಿ ಮೇಯಬಹುದು, ಹಾಲೂ ಕೊಡಬಹುದು. ಈ ರೋಗದ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಮಾತ್ರ ಕೆಚ್ಚಲಿನಲ್ಲೇ ಉಳಿದು ಹಾಲಿನ ಜೊತೆ ಬರುತ್ತಿರುತ್ತದೆ. ಮೈತುಂಬಿಕೊಂಡ ಹಸುವನ್ನು ನೋಡಿ ಧೈರ್ಯ ತಂದುಕೊಳ್ಳಬಾರದು ಎನ್ನುವುದು ಇದಕ್ಕೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಈ ರೋಗಕ್ಕೂ ಲಸಿಕೆ ಇದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಹಾಕುತ್ತಾರೆ. ಕೊಟ್ಟಿಗೆಯವರನ್ನು ಕೇಳಬೇಕಾದ ಮೊದಲ ಎರಡು ಪ್ರಶ್ನೆ: ಕರುವಾಗಿದ್ದಾಗ ಈ ಲಸಿಕೆ ಹಾಕಿಸಿದ್ದೀರಾ, ಇಲ್ಲಿ ಯಾವ ಹಸುವಾದರೂ ಕಂದು ಹಾಕಿದೆಯಾ?

ನಾಟಿ ಹಸುವಿನ ಹಾಲಾದರೆ ಕಾಯಿಸುವುದು ಬೇಡ ಎಂಬ ಮಾತೂ ಓಡಾಡುತ್ತಿದೆ. ಮಲೆನಾಡು ಗಿಡ್ಡವಾಗಲಿ, ಹಳ್ಳಿಕಾರ್ ಆಗಲಿ, ವಿದೇಶಿ ತಳಿಯಾದ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಆಗಲಿ, ಬ್ರುಸೆಲ್ಲಾಕ್ಕೆ ತಳಿಯ ಭೇದವಿಲ್ಲ. ನಾಟಿ ಹಸುವಿನ ಹಾಲನ್ನು ಹೊಗಳುವಾಗ ಹೇಳುವ ಎ2 ಎಂಬುದು ಹಾಲಿನ ಒಂದು ಪ್ರೋಟೀನಿನ ವಿಷಯ, ರೋಗಾಣುವಿಗೂ ಅದಕ್ಕೂ ಸಂಬಂಧವಿಲ್ಲ.

ಸತ್ವದ ಮಾತು

ಕಾಯಿಸಿದಾಗ ಸುಣ್ಣದಂಶ ಹಾಗೇ ಇರುತ್ತದೆ, ಪ್ರೋಟೀನಿನ ಪೌಷ್ಟಿಕತೆ ಕುಂದುವುದಿಲ್ಲ, ಕೊಬ್ಬು ಹಾಗೇ ಇರುತ್ತದೆ. ಬಿ1, ಬಿ12ರಂಥ ಜೀವಸತ್ವಗಳು ಸ್ವಲ್ಪ ಕಡಿಮೆಯಾಗುತ್ತವೆ. ಸಿ ಜೀವಸತ್ವವೂ ಕುಗ್ಗುತ್ತದೆ, ಆದರೆ ಅದಕ್ಕಾಗಿ ಯಾರೂ ಹಾಲು ಕುಡಿಯುವುದಿಲ್ಲ, ಒಂದು ನೆಲ್ಲಿಕಾಯಿ ಸಾಕು. ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವವರಿಗೆ ಹಸಿ ಹಾಲು ಒಗ್ಗುತ್ತದೆ ಎಂಬುದೂ ಸರಿಯಲ್ಲ. ತೊಂದರೆ ಕೊಡುವುದು ಲ್ಯಾಕ್ಟೋಸ್ ಎಂಬ ಸಕ್ಕರೆ, ಅದು ಎರಡರಲ್ಲೂ ಒಂದೇ ಅಳತೆಯಲ್ಲಿದೆ. ಕೊಟ್ಟಿಗೆಯ ಹಾಲು ಕುಡಿದು ಬೆಳೆದ ಯುರೋಪಿನ ಹಳ್ಳಿ ಮಕ್ಕಳಲ್ಲಿ ಉಬ್ಬಸ, ಅಲರ್ಜಿ ಕಡಿಮೆ ಕಂಡಿದ್ದು ನಿಜ. ಆದರೆ ಅದನ್ನು ಅಧ್ಯಯನ ಮಾಡಿದವರೇ, ರೋಗಾಣುವಿನ ಭಯವಿರುವುದರಿಂದ ಹಸಿ ಹಾಲು ಕುಡಿಯಿರಿ ಎಂದು ಸಲಹೆ ಮಾಡಲಾಗದು ಎಂದಿದ್ದಾರೆ.

ಕಾಯಿಸುವುದು ಹೇಗೆ, ಎಷ್ಟು ಹೊತ್ತು

ಡೇರಿಯಲ್ಲಿ ಪಾಶ್ಚರೀಕರಣವೆಂದರೆ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ ಇಟ್ಟು ಕೂಡಲೇ ತಣಿಸುವುದು. ಮೇಲೆ ಹೇಳಿದ ರೋಗಾಣುಗಳೆಲ್ಲ ಅಷ್ಟಕ್ಕೇ ಸಾಯುತ್ತವೆ. ಬೆಂಗಳೂರು, ಮೈಸೂರಿನಂಥ ಎತ್ತರದ ಊರುಗಳಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಅದೂ ಬೇಕಾದ್ದಕ್ಕಿಂತ ಹೆಚ್ಚೇ. ಹಾಗಾಗಿ ಮನೆಯಲ್ಲಿ ಹಾಲನ್ನು ಕಾಲು ಗಂಟೆ ಕುದಿಸುತ್ತ ಕೂರಬೇಕಿಲ್ಲ. ಸತ್ವ ಹೋಗುವುದು ದಿನಕ್ಕೆ ನಾಲ್ಕು ಸಲ ಕಾಯಿಸುವ ಅಭ್ಯಾಸದಿಂದ.

ತಳ ದಪ್ಪಗಿರುವ ಪಾತ್ರೆಗೆ ಮೊದಲು ಒಂದೆರಡು ಚಮಚ ನೀರು ಹಾಕಿ ಆಡಿಸಿ, ಆಮೇಲೆ ಹಾಲು ಸೋಸಿ ಹಾಕಿ. ತಳ ಹಿಡಿಯುವುದು ಕಡಿಮೆಯಾಗುತ್ತದೆ. ಮಧ್ಯಮ ಉರಿಯಲ್ಲಿ ಆಗಾಗ ಸೌಟಿನಿಂದ ತಳದಿಂದ ಮೇಲಕ್ಕೆ ತಿರುವಿ. ಜೋರು ಉರಿಯಲ್ಲಿ ತಿರುವದೆ ಬಿಟ್ಟರೆ ತಳ ಕುದಿದು ನೊರೆ ಏಳುವಾಗ ಮೇಲಿನ ಹಾಲು ಅಷ್ಟು ಬಿಸಿಯಾಗಿರುವುದಿಲ್ಲ. ಉಕ್ಕು ಬಂದಕೂಡಲೇ ಒಲೆ ಆರಿಸುವವರು ಹೆಚ್ಚು. ಉಕ್ಕು ಬಂದಾಗ ಉರಿ ಸಣ್ಣ ಮಾಡಿ, ಇನ್ನೆರಡು ಮೂರು ನಿಮಿಷ ತಿರುವುತ್ತ ಬಿಡಿ. ಸೀಟಿ ಹೊಡೆಯುವ ಹಾಲಿನ ಕುಕ್ಕರ್ ಬಳಸುವವರು ನೆನಪಿಡಿ: ಸೀಟಿ ಬರುವುದು ಸುತ್ತಲಿನ ನೀರು ಕುದಿದಾಗ, ಒಳಗಿನ ಹಾಲು ಕುದಿದಾಗಲ್ಲ. ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡಿ. ಕಾಯಿಸಿದ ವಾಸನೆ ಆಗದವರು ಅಡುಗೆಯ ಥರ್ಮಾಮೀಟರ್ ಇಟ್ಟು, ಬಿಸಿನೀರಿನ ಪಾತ್ರೆಯೊಳಗೆ ಹಾಲಿನ ಪಾತ್ರೆ ಕೂರಿಸಿ, 75 ಡಿಗ್ರಿ ಮುಟ್ಟಿದ ಮೇಲೆ ಒಂದು ನಿಮಿಷ ತಿರುವಿ ಇಳಿಸಬಹುದು. ಮೈಕ್ರೊವೇವ್ ಬೇಡ, ಅದರಲ್ಲಿ ಹಾಲು ಎಲ್ಲ ಕಡೆ ಒಂದೇ ಸಮ ಬಿಸಿಯಾಗುವುದಿಲ್ಲ.

ಕಾಯಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಉಳಿಯುತ್ತವೆ. ಬೆಚ್ಚಗಿನ ಹಾಲಿನಲ್ಲಿ ಅವು ಮತ್ತೆ ಮೊಳೆಯುತ್ತವೆ. ಆದ್ದರಿಂದ ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿಟ್ಟು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಎರಡು ದಿನದಲ್ಲಿ ಮುಗಿಸಿ. ನಿನ್ನೆಯ ಹಾಲಿಗೆ ಇವತ್ತಿನದನ್ನು ಸುರಿಯಬೇಡಿ. ಹಸಿ ಹಾಲು ತಂದ ಪಾತ್ರೆಗೆ, ತೊಳೆಯದೆ, ಕಾಯಿಸಿದ ಹಾಲು ಹಾಕಬೇಡಿ. ಹಸಿ ಹಾಲನ್ನು ಫ್ರಿಜ್‌ನಲ್ಲಿಟ್ಟು ನಾಳೆ ಕಾಯಿಸಿದರಾಯಿತು ಎಂದುಕೊಳ್ಳುವುದೂ ಬೇಡ, ಲಿಸ್ಟೀರಿಯಾ ಎಂಬ ರೋಗಾಣು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಗರ್ಭಿಣಿಯರಿಗೆ ಅದು ತುಂಬ ಅಪಾಯಕಾರಿ, ಗರ್ಭಪಾತವಾಗಬಹುದು.

ಬೆಂಕಿಗೂ ಬಗ್ಗದ ಸಂಗತಿಗಳು

ಎಂಥ ಹಾಲನ್ನಾದರೂ ತಂದು ಕಾಯಿಸಿದರೆ ಮುಗಿಯಿತು ಎಂಬುದೂ ತಪ್ಪು. ಕೆಚ್ಚಲಿನಿಂದ ಬರುವಾಗ ಹಾಲು ಮೈಬಿಸಿಯಲ್ಲಿರುತ್ತದೆ. ಮೊದಲ ಒಂದೆರಡು ಗಂಟೆ ಹಾಲಿನಲ್ಲೇ ಇರುವ ಕೆಲವು ಅಂಶಗಳು ಬ್ಯಾಕ್ಟೀರಿಯಾವನ್ನು ತಡೆದಿಡುತ್ತವೆ. ಆಮೇಲೆ ತಡೆ ಇಲ್ಲ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ನಾಲ್ಕು ಗಂಟೆಯಲ್ಲಿ 256 ಪಟ್ಟು. ಹೀಗೆ ಬೆಳೆದ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಂದು ವಿಷ ಬಿಡುತ್ತದೆ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಕುಡಿದ ಕೆಲವೇ ಗಂಟೆಯಲ್ಲಿ ವಾಂತಿ ಶುರು. ಹೊರಗೇ ಇದ್ದು, ಒಲೆಯ ಮೇಲೆ ಒಡೆದ ಹಾಲಿನಿಂದ ಪನ್ನೀರ್ ಮಾಡಬೇಡಿ, ಚೆಲ್ಲಿಬಿಡಿ. ಕರೆದ ಹಾಲು ನಾಲ್ಕು ಗಂಟೆಯೊಳಗೆ ಒಲೆ ಏರಬೇಕು, ಬೇಸಿಗೆಯಲ್ಲಿ ಎರಡು ಗಂಟೆಯೊಳಗೆ ಆದರೆ ಒಳ್ಳೆಯದು.

ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚು. ಮೊದಲ ಧಾರೆಯಲ್ಲಿ ಗಸಿ, ಎಳೆ, ರಕ್ತದ ಛಾಯೆ, ನೀರಿನಂಥ ತೆಳುವು, ಉಪ್ಪುಪ್ಪು ರುಚಿ ಇದರ ಗುರುತು. ಅದಕ್ಕೆ ಆ್ಯಂಟಿಬಯೋಟಿಕ್ ಹಾಕಿದ್ದರೆ ಪಶುವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲು ಮಾರಬಾರದು. ಕಾಯಿಸಿದರೂ ಆ ಔಷಧದ ಅಂಶ ಹೋಗುವುದಿಲ್ಲ. ಒಳ್ಳೆಯ ಹೆಪ್ಪು ಹಾಕಿಯೂ, ಸೆಕೆಗಾಲದಲ್ಲೂ ಮೊಸರು ಮತ್ತೆ ಮತ್ತೆ ಕೂರದಿದ್ದರೆ ಈ ಅನುಮಾನವಿಟ್ಟುಕೊಂಡು ಮಾರುವವರನ್ನು ಕೇಳಿ. ಬೂಸ್ಟು ಹಿಡಿದ ಹಿಂಡಿ, ಜೋಳ ತಿಂದ ಹಸುವಿನ ಹಾಲಿಗೆ ಬರುವ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಕೂಡ ಶಾಖಕ್ಕೆ ಜಗ್ಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶಾದ್ಯಂತ ಪರೀಕ್ಷಿಸಿದ 6,432 ಮಾದರಿಗಳಲ್ಲಿ 368ರಲ್ಲಿ ಇದು ಮಿತಿ ಮೀರಿತ್ತು. ಅದು ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಹೆಚ್ಚು ಕಂಡಿತ್ತು ಎಂಬುದನ್ನೂ ಹೇಳಬೇಕು. ಗೊತ್ತಿರುವ ಕೊಟ್ಟಿಗೆಯ ನಿಜವಾದ ಲಾಭ ಇಲ್ಲಿದೆ: ಹಿಂಡಿ ಮೂಟೆ ಎಲ್ಲಿಟ್ಟಿದ್ದಾರೆ, ಒದ್ದೆಯಾಗಿದೆಯೇ ಎಂದು ನೀವೇ ಹೋಗಿ ನೋಡಬಹುದು.

ಲ್ಯಾಕ್ಟೋಮೀಟರ್ ಇಟ್ಟು ನೋಡುವವರಿಗೆ ಒಂದು ಮಾತು. ಹಸುವಿನ ಹಾಲು ಸುಮಾರು 28 ತೋರಿಸಿದರೆ ನೀರಿಲ್ಲವೆಂದು ಲೆಕ್ಕ. ಸಕ್ಕರೆ, ಉಪ್ಪು ಬೆರೆಸಿ ಆ ಅಂಕಿಯನ್ನು ಏರಿಸಲೂಬಹುದು. ರೋಗಾಣುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಎಲ್ಲಿ ಸಿಗುತ್ತದೆ, ಏನು ನೋಡಬೇಕು

ಭಾರತದಲ್ಲಿ ಹಸಿ ಹಾಲು ಮಾರುವುದು ಕಾನೂನುಬದ್ಧ. ಸಹಕಾರ ಸಂಘಕ್ಕೆ ಹಾಲು ಹಾಕುವ ಸದಸ್ಯರನ್ನು ಬಿಟ್ಟು, ಮನೆಮನೆಗೆ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು, ಅದಕ್ಕೆ 14 ಅಂಕಿಯ ಸಂಖ್ಯೆ ಇರುತ್ತದೆ. ಹಳ್ಳಿಯ ಡೇರಿಗಳಲ್ಲಿ ಹಾಲು ಅಳೆಯುವ ಹೊತ್ತಿನಲ್ಲಿ ಸ್ಥಳೀಯ ಮಾರಾಟವೂ ಉಂಟು. ಅಲ್ಲಿ ಸಿಗುವುದೂ ಹಸಿ ಹಾಲೇ. ನಗರಗಳಲ್ಲಿ ಬಾಟಲಿಯಲ್ಲಿ ಬರುವ ‘ಫಾರ್ಮ್ ಹಾಲು’ ಕೆಲವು ಹಸಿ, ಕೆಲವು ಪಾಶ್ಚರೀಕರಿಸಿದ್ದು, ಚೀಟಿ ಓದದೆ ತಿಳಿಯದು. ನಂದಿನಿಯಂಥ ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ ಆಗಿರುವುದರಿಂದ, ಬೂತಿನಿಂದ ಮನೆಯವರೆಗೆ ತಂಪಾಗಿಯೇ ಬಂದಿದ್ದರೆ ಮತ್ತೆ ಕಾಯಿಸುವ ಅಗತ್ಯವಿಲ್ಲ. ಮುಂಜಾನೆಯಿಂದ ಅಂಗಡಿ ಮುಂದೆ ಕ್ರೇಟಿನಲ್ಲಿ ಬಿಸಿಲು ಕಾದ ಪ್ಯಾಕೆಟ್ಟಿಗೆ ಈ ಮಾತು ಹೊಂದುವುದಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರು ಗಿಣ್ಣಿಗೆ, ಪೂಜೆಗೆ ಹಸಿ ಹಾಲು ಹುಡುಕುವುದುಂಟು. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ದು ಮಾರುವುದಕ್ಕೆ 1987ರಿಂದ ನಿಷೇಧವಿದೆ, ರಾಜ್ಯದೊಳಗಿನ ಕಾನೂನು ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಕೆನಡಾ, ಸ್ಕಾಟ್ಲೆಂಡ್‌ನಲ್ಲಿ ಮಾರುವಂತಿಲ್ಲ. ಇಂಗ್ಲೆಂಡಿನಲ್ಲಿ ರೈತರಿಂದ ನೇರವಾಗಿ ಕೊಳ್ಳಬಹುದು. 2024ರಲ್ಲಿ ಅಮೆರಿಕದ ಹಸುಗಳಿಗೆ ಎಚ್5ಎನ್1 ಹಕ್ಕಿಜ್ವರ ತಗುಲಿ, ವೈರಸ್ ಹಸಿ ಹಾಲಿನಲ್ಲಿ ಸಿಕ್ಕಿತು. ಪಾಶ್ಚರೀಕರಣ ಅದನ್ನೂ ಕೊಲ್ಲುತ್ತದೆ.

ಪಂಚಾಮೃತ, ಗಿಣ್ಣು, ಮೇಕೆ ಹಾಲು

ಅಭಿಷೇಕಕ್ಕೆ ಕಾಯಿಸದ ಹಾಲೇ ಆಗಬೇಕು ಎನ್ನುವವರ ಮನೆಯಲ್ಲಿ ಆ ಪಂಚಾಮೃತ ತೀರ್ಥವಾಗಿ ಎಲ್ಲರ ಹೊಟ್ಟೆ ಸೇರುತ್ತದೆ. ಮೊಸರಿನ ಹುಳಿ, ಜೇನು, ಸಕ್ಕರೆಯನ್ನು ನಂಬಿ ರೋಗಾಣು ಸತ್ತಿತು ಎನ್ನಲಾಗದು. ಸುಲಭ ದಾರಿ ಇದೆ: ತಂಪಾದ ಪ್ಯಾಕೆಟ್ ಹಾಲನ್ನು ಕಾಯಿಸದೆ ಬಳಸಿ. ಹುತ್ತಕ್ಕೆ ತನಿ ಎರೆಯಲು ಯಾವ ಹಾಲಾದರೂ ಆದೀತು, ಅದನ್ನು ಯಾರೂ ಕುಡಿಯುವುದಿಲ್ಲ. ಗಿಣ್ಣನ್ನು ನಡುಭಾಗವೂ ಗಟ್ಟಿಯಾಗುವ ತನಕ ಆವಿಯಲ್ಲಿ ಬೇಯಿಸಿ. ಕಂದು ಹಾಕಿದ ಹಸುವಿನ ಗಿಣ್ಣುಹಾಲು ಮಾತ್ರ ಬೇಡವೇ ಬೇಡ.

ಡೆಂಗಿ ಹರಡಿದಾಗ ಪ್ಲೇಟ್ಲೆಟ್ ಏರುತ್ತದೆಂದು ಮೇಕೆಯ ಹಸಿ ಹಾಲಿಗೆ ಜನ ಮುಗಿಬೀಳುತ್ತಾರೆ. ಏರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಡೆಂಗಿಯ ಕಠಿಣ ಹಂತ ದಾಟಿದ ಮೇಲೆ ಪ್ಲೇಟ್ಲೆಟ್ ತಾನಾಗಿ ಏರುತ್ತದೆ. ಮೇಕೆ, ಕುರಿಗಳಲ್ಲಿರುವ ಬ್ರುಸೆಲ್ಲಾ ಹಸುವಿನದಕ್ಕಿಂತ ಮನುಷ್ಯರಿಗೆ ಹೆಚ್ಚು ಕಾಟ ಕೊಡುತ್ತದೆ, ಜ್ವರದಿಂದ ಸೋತ ಮೈಗೆ ಅದನ್ನು ಕುಡಿಸುವುದು ಕೆಟ್ಟ ಕೆಲಸ. ಬೀದಿಯಲ್ಲಿ ಕರೆದು ಒಳಲೆಯಲ್ಲಿ ಕೊಡುವ ಕತ್ತೆ ಹಾಲನ್ನು ಹಸುಗೂಸಿಗೆ ಹಾಕುವುದೂ ಬೇಡ. ಆರು ತಿಂಗಳವರೆಗೆ ತಾಯಿ ಹಾಲಲ್ಲದೆ ಬೇರೇನೂ ಕೊಡಬಾರದು.

ಇದುವರೆಗೆ ಹಸಿ ಹಾಲು ಕುಡಿದಿದ್ದರೆ ಗಾಬರಿ ಬೇಡ, ಗಮನವಿರಲಿ. ಬ್ರುಸೆಲ್ಲೋಸಿಸ್ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಕಾಣಿಸಿಕೊಳ್ಳುತ್ತದೆ, ಎರಡು ತಿಂಗಳೂ ಆಗಬಹುದು. ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ, ಕೀಲು ನೋವು, ಗಂಡಸರಲ್ಲಿ ವೃಷಣದ ಊತ ಇದರ ಲಕ್ಷಣ. ಟೈಫಾಯ್ಡ್ ಎಂದೋ ಕ್ಷಯ ಎಂದೋ ಚಿಕಿತ್ಸೆ ನಡೆದುಬಿಡುವ ಸಾಧ್ಯತೆ ಹೆಚ್ಚು. ಕಾಯಿಸದ ಹಾಲು ಕುಡಿದದ್ದನ್ನು, ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ್ದರೆ ಅದನ್ನೂ ವೈದ್ಯರಿಗೆ ನೀವೇ ಮೊದಲು ಹೇಳಿ. ರಕ್ತಪರೀಕ್ಷೆಯಲ್ಲಿ ಖಚಿತವಾದರೆ ಸಾಮಾನ್ಯವಾಗಿ ಎರಡು ಆ್ಯಂಟಿಬಯೋಟಿಕ್‌ಗಳನ್ನು ಒಟ್ಟಿಗೆ ಆರು ವಾರ ಕೊಡುತ್ತಾರೆ. ಎರಡನೇ ವಾರಕ್ಕೆ ಜ್ವರ ಇಳಿಯಿತೆಂದು ಮಾತ್ರೆ ಬಿಟ್ಟವರಿಗೆ ಅದು ಮರುಕಳಿಸುವ ಸಾಧ್ಯತೆ ಹೆಚ್ಚು.