ಹಾವುಗಿಡುಗಕ್ಕೂ ಮೆಣಸಿನ ಬೇರಿನ ಜಂತುಹುಳಕ್ಕೂ ಏನು ವ್ಯತ್ಯಾಸ?

ಪ್ರಶ್ನೆ: ಹಾವುಗಿಡುಗ ಇನ್ನೊಂದು ಜೀವ ತಿಂದು ಬದುಕುತ್ತದೆ. ಕಾಳುಮೆಣಸಿನ ಬೇರಿನಲ್ಲಿರುವ ಜಂತುಹುಳವೂ (ನೆಮಟೋಡ್) ಹಾಗೇ. ಹಾಗಿದ್ದರೆ ಒಂದನ್ನು ಬೇಟೆಗಾರ, ಇನ್ನೊಂದನ್ನು ಪರಾವಲಂಬಿ ಎನ್ನುವುದೇಕೆ?

ಉತ್ತರ: ಹಾವು ಸತ್ತರಷ್ಟೇ ಗಿಡುಗಕ್ಕೆ ಊಟ. ಜಂತುಹುಳಕ್ಕಾದರೆ ಬಳ್ಳಿ ಬದುಕಿಯೇ ಇರಬೇಕು, ಸತ್ತ ಬೇರು ಅದಕ್ಕೆ ಬೇಡ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನ ಮರದಲ್ಲಿ ಕಾದು ಕೂರುವ ಗಿಡುಗ ಹಾವು, ಓತಿ, ಕಪ್ಪೆಗಳ ಮೇಲೆ ಎರಗಿ ಉಗುರಿನಲ್ಲಿ ಹಿಡಿಯುತ್ತದೆ. ಅದು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಜಂತುಹುಳದ ಒಂದು ಬಗೆಯಾದ, ಬೇರಿನಲ್ಲಿ ಗಂಟು ಮಾಡುವ ಬೇರುಗಂಟು ಹುಳದ ಹೆಣ್ಣು ಒಂದು ಅಂಟುಮುದ್ದೆಯಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮಿಲಿಮೀಟರಿಗಿಂತ ಚಿಕ್ಕ ಹುಳವಾದ್ದರಿಂದ ಬರಿಗಣ್ಣಿಗೆ ಸಿಗುವುದು ಅದು ಮಾಡಿದ ಹಾನಿ ಮಾತ್ರ.

ಈ ಹಾನಿ ಬಲು ನಿಧಾನ. ಮಳೆಗಾಲದಲ್ಲಿ ಉಳಿದ ಬೇರೇ ನೀರೆಳೆಯಲು ಸಾಕಾಗುತ್ತದೆ. ಅಕ್ಟೋಬರ್ ದಾಟಿ ಮಣ್ಣು ಆರುತ್ತಿದ್ದಂತೆ ಎಲೆ ಹಳದಿಯಾಗುತ್ತದೆ, ಉದುರುತ್ತದೆ, ಕುಡಿ ಒಣಗುತ್ತದೆ. ಮುಂಗಾರಿಗೆ ಮತ್ತೆ ಚಿಗುರುವುದರಿಂದ ಬಿಸಿಲಿಗೆ ಬಾಡಿತ್ತೇನೋ ಎಂದು ಸುಮ್ಮನಾಗುವವರೇ ಹೆಚ್ಚು. ಎರಡು ಮೂರು ವರ್ಷ ಹೀಗೇ ಸಾಗಿ ಬಳ್ಳಿ ಕೈಬಿಡುತ್ತದೆ. ನಿಧಾನ ಸೊರಗು ರೋಗ ಎನ್ನುವುದು ಇದನ್ನೇ. ಇದರಲ್ಲಿ ಫೈಟಾಫ್ತೋರಾ ಎಂಬ ಶಿಲೀಂಧ್ರದಂಥ ರೋಗಾಣುವಿನ ಪಾಲೂ ಇರುತ್ತದೆ.

ಅನುಮಾನ ಬಂದರೆ ಬುಡದ ಮೇಲುಮಣ್ಣನ್ನು ಕೈಯಲ್ಲೇ ಸರಿಸಿ, ನಾಲ್ಕಾರು ಎಳೆಬೇರು ತೊಳೆದು ನೋಡಿ. ಗಂಟುಗಳಿದ್ದರೆ ಬೇರುಗಂಟು ಹುಳ. ಆಗ ಎಲೆಯ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿರುವುದೂ ಉಂಟು. ಗಂಟಿಲ್ಲದೆ ಕಂದು-ಕಪ್ಪು ಗಾಯ, ಕೊಳೆ ಕಂಡರೆ ಇನ್ನೊಂದು ಬಗೆಯ ಜಂತುಹುಳವಾದ ಬೇರು ಕೊರೆಯುವ ಹುಳದ ಗುಮಾನಿ. ಈ ಎರಡನೆಯದು ಬಾಳೆಯಲ್ಲೂ ಅಡಿಕೆಯಲ್ಲೂ ಬದುಕುತ್ತದೆ, ಅಂದರೆ ಮಲೆನಾಡಿನ ತೋಟದಲ್ಲಿ ಅದಕ್ಕೆ ಮೂರೂ ಹೊತ್ತು ಅನ್ನ. ಹಾಗಾಗಿ ಬಾಳೆಕಂದು ತರುವಾಗ ಬೇರು, ಕೊಳೆತ ಭಾಗಗಳನ್ನೆಲ್ಲ ಕೆತ್ತಿಯೇ ನೆಡಬೇಕು.

ಹತೋಟಿಗೆ, ಬಳ್ಳಿಗೆ 50 ಗ್ರಾಂ ಟ್ರೈಕೋಡರ್ಮಾ ಅಥವಾ ಪೊಕೋನಿಯಾ ಎಂಬ ಉಪಕಾರಿ ಶಿಲೀಂಧ್ರವನ್ನು 1 ಕೆ.ಜಿ. ಬೇವಿನ ಹಿಂಡಿಯೊಂದಿಗೆ ಏಪ್ರಿಲ್–ಮೇನಲ್ಲಿ ಕೊಡಿ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೆ 50 ಗ್ರಾಂ. ಮಣ್ಣಿನಲ್ಲಿ ತೇವ ಇರಲೇಬೇಕು. ಅದೇ ವಾರ ಬುಡಕ್ಕೆ ತಾಮ್ರದ ಔಷಧಿ ಸುರಿದರೆ ಟ್ರೈಕೋಡರ್ಮಾ ಸಾಯುತ್ತದೆ, ಹಾಕಿದ್ದೆಲ್ಲ ದಂಡ. ಗುದ್ದಲಿಯಿಂದ ಅಗೆದು ಗೊಬ್ಬರ ಕೊಡುವುದೂ ಬೇಡ, ಅಳಿದುಳಿದ ಬೇರೂ ಕಡಿದುಹೋಗುತ್ತದೆ.

ಸಸಿಯ ಪಾಕೀಟಿಗೆ ಹಳೆ ಬಾಳೆಬುಡದ ಮಣ್ಣು ತುಂಬಬೇಡಿ. ತುಂಬುವ ಮಣ್ಣನ್ನು ತೇವಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಬೇಸಿಗೆಯ ಬಿಸಿಲಿಗೆ 30–40 ದಿನ ಬಿಡಿ.